ಯಾವ ಗಾಜು ಹಾಕಿಸಲಿ, ಸಾರ್?

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಹೆಸರು ಬೇಡ, ಅವನು ಇದನ್ನು ಓದುತ್ತಾನೆ, ಓದಿದೊಡನೆ ತನ್ನನ್ನು ತಾನೇ ಗುರುತಿಸಿಕೊಳ್ಳುತ್ತಾನೆ. 1996ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದವನು. ನಾನು ಉಷ್ಣದ ಪಾಠ ಮಾಡುವಾಗ ಹಿಂದಿನ ಬೆಂಚಿನಲ್ಲಿ ಕುಳಿತು ಕಿಟಕಿಯ ಹೊರಗೆ ನೋಡುತ್ತಿದ್ದ ಆ ಹುಡುಗ ಇಂದು ಸರ್ಜಾಪುರ ರಸ್ತೆಯ ಕಡೆ ನಿವೇಶನ ಕೊಂಡು ಸ್ವಂತ ಮನೆ ಕಟ್ಟಿಸುತ್ತಿದ್ದಾನೆ. ಕೇಳಿ ಸಂತೋಷವಾಯಿತು. ಆದರೆ ಅವನ ಮುಂದಿನ ಮಾತು ಕೇಳಿ ನನಗೆ ಬೆವರು ಬಂತು.

"ಸಾರ್, ಹಾಲು ಪಶ್ಚಿಮಕ್ಕೆ ಬರುತ್ತೆ. ನೆಲದಿಂದ ತಾರಸಿವರೆಗೂ ಪೂರ್ತಿ ಗಾಜು. ಡಬಲ್ ಗ್ಲೇಜಿಂಗ್ ಹಾಕಿಸಲೋ, ಲೋ-ಇ ಹಾಕಿಸಲೋ? ಕರೆಂಟು ಉಳಿಸೋ ಗಾಜು ಯಾವುದು ಅಂತ ನೀವೇ ಹೇಳ್ಬೇಕು. ಯಾವ ಗಾಜು ಹಾಕಿಸಲಿ, ಸಾರ್?"

ನಾನು ಆಗ ಉತ್ತರ ಕೊಡಲಿಲ್ಲ. "ಬರೆದು ಹಾಕುತ್ತೇನೆ, ಓದಿಕೋ" ಎಂದು ಹೇಳಿ ಫೋನು ಇಟ್ಟೆ. ಇದು ಅವನೊಬ್ಬನ ಪ್ರಶ್ನೆಯಲ್ಲ. ನನ್ನ ತಂಗಿಯ ಮಗನೂ ಕೇಳಿದ್ದಾನೆ, ತುಮಕೂರಿನಲ್ಲಿರುವ ಷಡ್ಡಕರೂ ಕೇಳಿದ್ದಾರೆ. ಎಲ್ಲರಿಗೂ ಸೇರಿಸಿ ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಪ್ರಶ್ನೆಯೇ ತಪ್ಪು. ಪಶ್ಚಿಮದ ಗೋಡೆಯನ್ನೇ ಕಿತ್ತುಹಾಕಿ, ಅಲ್ಲಿ ಗಾಜು ನಿಲ್ಲಿಸಿ, ಅನಂತರ ಅದರ ಸೆಖೆಗೆ ಔಷಧವಾಗಿ ಇನ್ನೊಂದು ದುಬಾರಿ ಗಾಜನ್ನು ಹುಡುಕುವುದು, ಕೆಸರಿನಲ್ಲಿ ಕಾಲಿಟ್ಟು ಆಮೇಲೆ ಒಳ್ಳೆಯ ಸೋಪು ಯಾವುದೆಂದು ವಿಚಾರಿಸಿದಂತೆ. ಮೊದಲು ದಿಕ್ಕು, ಆಮೇಲೆ ನೆರಳು, ಆಮೇಲೆ ಗಾಳಿ, ಕೊನೆಗೆ ಗಾಜು. ಈ ಕ್ರಮವನ್ನು ತಲೆಕೆಳಗು ಮಾಡಿ ನಮಗೆ ಮಾರುತ್ತಿದ್ದಾರೆ, ನಾವು ಸಾಲ ಮಾಡಿ ಕೊಳ್ಳುತ್ತಿದ್ದೇವೆ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ, ಬೆಂದು ಹೇಳುತ್ತಿದ್ದೇನೆ.

2018ರಲ್ಲಿ 34 ವರ್ಷಗಳ ಸೇವೆ ಮುಗಿಸಿ ನಿವೃತ್ತನಾದ ಮೇಲೆ, ಮರುವರ್ಷ ನಾನೂ ನನ್ನ ಶ್ರೀಮತಿಯೂ ಮಗನ ಜೊತೆ ಇರಲು ಬೆಳ್ಳಂದೂರಿಗೆ ಬಂದೆವು. ಒಂಬತ್ತನೆಯ ಮಹಡಿ. ಹಾಲು ಪಶ್ಚಿಮಕ್ಕೆ, ಅದರ ಮುಂದೆ ನಾಲ್ಕಡಿ ಅಗಲದ ಬಾಲ್ಕನಿ. ಮೊದಲು ಆ ಮನೆಯಲ್ಲಿದ್ದವರು ಬಾಲ್ಕನಿಯ ಅಂಚಿಗೆ ಜಾರುಗಾಜುಗಳನ್ನು ಕೂರಿಸಿ ಅದನ್ನೊಂದು ಕೋಣೆಯಂತೆ ಮಾಡಿಕೊಂಡಿದ್ದರು. ಮಾರುವಾಗ ಅದನ್ನೇ ದೊಡ್ಡ ಅನುಕೂಲವೆಂದು ತೋರಿಸಿದರು. ನಾವು ಡಿಸೆಂಬರಿನಲ್ಲಿ ಬಂದವರು. ಸಂಜೆಯ ಎಳೆಬಿಸಿಲು ಹಾಲಿನ ತುಂಬ ಬಿದ್ದಾಗ ಮೊಮ್ಮಗಳು ಅದರಲ್ಲಿ ಕುಣಿದಳು, ನಾವೂ ಮೆಚ್ಚಿದೆವು. ಮಾರ್ಚ್ ಬಂದಾಗ ನಿಜ ಗೊತ್ತಾಯಿತು. ಮಧ್ಯಾಹ್ನ ಎರಡರಿಂದ ಸಂಜೆ ಆರೂವರೆಯವರೆಗೆ ಆ ಹಾಲಿನಲ್ಲಿ ಮನುಷ್ಯರು ಕೂರುವಂತಿರಲಿಲ್ಲ. ನನ್ನಾಕೆಗೆ ರಕ್ತದೊತ್ತಡವಿದೆ. ಒಂದು ದಿನ ಅಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದವಳು ಎದ್ದು ನಿಂತೊಡನೆ ತಲೆಸುತ್ತಿ ಸೋಫಾದ ಮೇಲೆ ಕುಸಿದಳು. "ಏನ್ರೀ, ಇದು ಮನೆಯೋ, ಬ್ರೆಡ್ಡು ಸುಡೋ ಒಲೆಯೋ?" ಎಂದು ಅವಳು ಕೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಮಗ ಏಸಿ ಹಾಕಿಸಿದ. ಅದು ಮಧ್ಯಾಹ್ನವೆಲ್ಲ ಓಡಿದರೂ ಹಾಲು ತಣ್ಣಗಾಗುತ್ತಿರಲಿಲ್ಲ, ಕರೆಂಟಿನ ಬಿಲ್ಲು ಮಾತ್ರ ಬಿಸಿಯಾಯಿತು. ಆಮೇಲೆ ಕಿಟಕಿ ಮಾರುವ ಯುವಕನೊಬ್ಬನನ್ನು ಕರೆಸಿದ. ಆತ ಅಚ್ಚುಕಟ್ಟಾಗಿ ಟೈ ಕಟ್ಟಿಕೊಂಡು ಬಂದು, ಯುರೋಪಿನ ತಂತ್ರಜ್ಞಾನವೆಂದು ಹೇಳಿ, ಎರಡು ಗಾಜುಗಳ ನಡುವೆ ಗಾಳಿ ತುಂಬಿದ ಮಾದರಿಯನ್ನು ತೋರಿಸಿ, ಬಾಲ್ಕನಿಯ ಗಾಜನ್ನೆಲ್ಲ ಬದಲಿಸಲು 1 ಲಕ್ಷ 80 ಸಾವಿರ ರೂಪಾಯಿಯ ಅಂದಾಜುಪಟ್ಟಿ ಕೊಟ್ಟ. "ಹೊರಗಿನ ಬಿಸಿ ಒಳಗೆ ಬರೋದೇ ಇಲ್ಲ ಅಂಕಲ್" ಎಂದ. ನಾನು ಒಂದೇ ಪ್ರಶ್ನೆ ಕೇಳಿದೆ: "ಯಾವ ಬಿಸಿಯಪ್ಪಾ? ವಹನದ್ದೋ, ವಿಕಿರಣದ್ದೋ?" ಅವನು ಮಗನ ಮುಖ ನೋಡಿದ. ಮಗ ನೆಲ ನೋಡಿದ.

ಪ್ರಿಯ ವಿದ್ಯಾರ್ಥಿಗಳೇ, ವಹನ, ಸಂವಹನ, ವಿಕಿರಣ ಎಂಬ ಮೂರನ್ನು ನಾನು ನಿಮಗೆ ಬಾಯಿಪಾಠ ಮಾಡಿಸಿದ್ದೆ. ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದು ಮರೆತಿರಿ. ಲಕ್ಷಾಂತರ ರೂಪಾಯಿ ಉಳಿಯುವುದು ಆ ಐದು ಅಂಕದಲ್ಲೇ. ಬನ್ನಿ, ಲೆಕ್ಕ ಮಾಡೋಣ.

ನಮ್ಮ ಬಾಲ್ಕನಿಯ ಗಾಜು ಸುಮಾರು 5 ಚದರ ಮೀಟರ್. ಏಪ್ರಿಲ್ ತಿಂಗಳ ಶುಭ್ರವಾದ ಸಂಜೆ ನಾಲ್ಕರ ಹೊತ್ತಿಗೆ ಪಶ್ಚಿಮದ ಗೋಡೆಯ ಮೇಲೆ ಬೀಳುವ ಬಿಸಿಲು ಚದರ ಮೀಟರಿಗೆ ಸುಮಾರು 600 ವಾಟ್. ಒಟ್ಟು 3,000 ವಾಟ್ ಆಯಿತು. ಗಾಜಿನ ಮೇಲೆ ಬಿದ್ದ ಸೌರಶಾಖದಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆ ಎಂಬುದಕ್ಕೆ ಒಂದು ಅಂಕಿಯಿದೆ, ಅದನ್ನು ಎಸ್‌ಎಚ್‌ಜಿಸಿ ಎನ್ನುತ್ತಾರೆ. 6 ಮಿಲಿಮೀಟರಿನ ಸಾದಾ ಗಾಜಿಗೆ ಅದು ಸುಮಾರು 0.82. ಅಂದರೆ 2,460 ವಾಟ್ ನೇರವಾಗಿ ಒಳಗೆ. ಇದು ವಿಕಿರಣದ ಲೆಕ್ಕ.

ಇನ್ನು ವಹನ. ಒಳಗಿನ ಮತ್ತು ಹೊರಗಿನ ತಾಪದ ವ್ಯತ್ಯಾಸದಿಂದ ಗಾಜಿನ ಮೂಲಕ ಎಷ್ಟು ಶಾಖ ದಾಟುತ್ತದೆ ಎಂಬುದನ್ನು ಯು-ಮೌಲ್ಯ ತಿಳಿಸುತ್ತದೆ. ಒಂಟಿ ಗಾಜಿಗೆ ಅದು ಸುಮಾರು 5.8. ಹೊರಗೆ 34 ಡಿಗ್ರಿ, ಒಳಗೆ 26 ಡಿಗ್ರಿ ಇದ್ದರೆ ವ್ಯತ್ಯಾಸ 8. ಐದು ಗುಣಿಸು 5.8 ಗುಣಿಸು 8: ಕೇವಲ 232 ವಾಟ್. ವಿಕಿರಣದ ಹತ್ತನೆಯ ಒಂದು ಪಾಲೂ ಇಲ್ಲ!

ಈಗ ಆ ಯುವಕನ ಜೋಡಿಗಾಜನ್ನು ಹಾಕಿ ನೋಡಿ. ಯು-ಮೌಲ್ಯ 2.8ಕ್ಕೆ ಇಳಿಯುತ್ತದೆ, ವಹನದ ಶಾಖ 112 ವಾಟ್ ಆಗುತ್ತದೆ. ಬಹಳ ಚೆನ್ನಾಯಿತು. ಆದರೆ ಎರಡೂ ಸಾದಾ ಗಾಜಾದರೆ ಎಸ್‌ಎಚ್‌ಜಿಸಿ ಸುಮಾರು 0.70, ಅಂದರೆ 2,100 ವಾಟ್ ಬಿಸಿಲು ಒಳಗೆ ಬರುತ್ತಲೇ ಇರುತ್ತದೆ. ಮೊದಲು ಒಟ್ಟು ಸುಮಾರು 2,690 ವಾಟ್, ಈಗ 2,210. ಒಂದು ಟನ್ ಏಸಿ ಹೊರಹಾಕಬಲ್ಲ ಶಾಖವೇ ಸುಮಾರು 3,500 ವಾಟ್. ಲಕ್ಷದ ಎಂಬತ್ತು ಸಾವಿರ ಕೊಟ್ಟ ಮೇಲೂ ಆ ಏಸಿಯ ಅರ್ಧಕ್ಕಿಂತ ಹೆಚ್ಚು ಶಕ್ತಿ ಒಂದು ಗಾಜಿನ ಸೇವೆಗೇ ಮೀಸಲು. ಆ ಯುವಕ ಸುಳ್ಳು ಹೇಳಿರಲಿಲ್ಲ. ಹೊರಗಿನ ಗಾಳಿಯ ಬಿಸಿ ಒಳಗೆ ಬರುವುದು ಅರ್ಧಕ್ಕೆ ಇಳಿಯುತ್ತದೆ, ನಿಜ. ಆದರೆ ನಮ್ಮನ್ನು ಬೇಯಿಸುತ್ತಿದ್ದುದು ಹೊರಗಿನ ಗಾಳಿಯಲ್ಲ, ಸೂರ್ಯ.

ಜೋಡಿಗಾಜು ಚಳಿದೇಶದ ಕೂಸು. ಹೊರಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ, ಒಳಗೆ ಇಪ್ಪತ್ತು; ಮೂವತ್ತು ಡಿಗ್ರಿ ವ್ಯತ್ಯಾಸ. ಅಲ್ಲಿ ಒಳಗಿನ ಶಾಖವನ್ನು ಕಾಪಾಡಬೇಕು, ಸಿಕ್ಕಷ್ಟು ಬಿಸಿಲನ್ನು ಒಳಗೆ ಕರೆಯಬೇಕು. ಅವರಿಗೆ ಅದು ಅಮೃತ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿ, 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಬೆಂಗಳೂರಿನಲ್ಲಿ ಮನೆಯನ್ನು ಬೆಚ್ಚಗಿಡುವ ಒಲೆ ಯಾರ ಮನೆಯಲ್ಲಿದೆ, ಹೇಳಿ? ಪಿಂಚಣಿದಾರರ ಸ್ವರ್ಗವೆಂದು ಹೆಸರಾಗಿದ್ದ ಊರಿದು. ನಾನೂ ಒಬ್ಬ ಪಿಂಚಣಿದಾರ. ಸ್ವರ್ಗಕ್ಕೆ ಬಂದೆನೆಂದುಕೊಂಡು ಗಾಜಿನ ಬಾಣಲೆಗೆ ಬಿದ್ದೆ.

ಈ ತಪ್ಪನ್ನು ಮಾಡಿದವರಲ್ಲಿ ನಾವು ಮೊದಲಿಗರೇನೂ ಅಲ್ಲ. ಜಗದ್ವಿಖ್ಯಾತ ವಾಸ್ತುಶಿಲ್ಪಿ ಲ ಕಾರ್ಬೂಸಿಯೇ 1933ರಲ್ಲಿ ಪ್ಯಾರಿಸ್ಸಿನಲ್ಲಿ ನಿರ್ಗತಿಕರ ವಸತಿಗಾಗಿ ಒಂದು ಕಟ್ಟಡ ಕಟ್ಟಿದರು. ದಕ್ಷಿಣದ ಮುಖವೆಲ್ಲ ತೆರೆಯಲಾಗದ ಗಾಜು. ಚಳಿಗಾಲದಲ್ಲಿ ಎಲ್ಲರೂ ಹೊಗಳಿದರು. ಬೇಸಿಗೆ ಬಂದಾಗ ಒಳಗಿದ್ದವರು ಬೆಂದುಹೋದರು. ತೆರೆಯುವ ಕಿಟಕಿಗಳನ್ನು ಇಡಲೇಬೇಕಾಯಿತು, ಮುಂದೆ ಬಿಸಿಲು ತಡೆಯುವ ಕಾಂಕ್ರೀಟಿನ ಮರೆಗಳನ್ನೂ ಕೂರಿಸಿದರು. ಪ್ಯಾರಿಸ್ಸಿನಂಥ ತಂಪು ಊರಿನಲ್ಲೇ ಈ ಗತಿ. ಆದರೆ ಆ ಮಹಾಶಯರು ಪಾಠ ಕಲಿತರು. 1950ರ ದಶಕದಲ್ಲಿ ನಮ್ಮ ಚಂಡೀಗಢಕ್ಕೆ ಬಂದಾಗ ಸಚಿವಾಲಯದ, ಹೈಕೋರ್ಟಿನ ಮುಖಗಳಿಗೆಲ್ಲ ಆಳವಾದ ನೆರಳಿನ ಗೂಡುಗಳನ್ನು ಕೊಟ್ಟರು. ಅವರು ಬಿಟ್ಟುಬಂದ ತಪ್ಪನ್ನು ನಮ್ಮ ಹೊರ ವರ್ತುಲ ರಸ್ತೆಯ ಇಕ್ಕೆಲಗಳಲ್ಲಿ ನಾವು ಸಾಲುಸಾಲಾಗಿ ನಿಲ್ಲಿಸಿದ್ದೇವೆ. ಕಚೇರಿಗಳಲ್ಲಿ ಹಗಲೆಲ್ಲ ಅದನ್ನು ನೋಡಿದ ಮಕ್ಕಳು ಮನೆಗೂ ಅದೇ ಬೇಕೆನ್ನುತ್ತಾರೆ. ಕಚೇರಿಯ ಏಸಿ ಬಿಲ್ಲನ್ನು ಕಂಪನಿ ಕಟ್ಟುತ್ತದೆ. ಮನೆಯದನ್ನು ಕಟ್ಟುವವರು ಯಾರು?

ಬಿಸಿಲನ್ನು ಪ್ರತಿಫಲಿಸುವ ಕನ್ನಡಿಗಾಜು ಹಾಕಿದರಾಯಿತಲ್ಲ ಎನ್ನುತ್ತೀರಿ. ಪ್ರತಿಫಲಿಸಿದ ಬಿಸಿಲು ಮಾಯವಾಗುವುದಿಲ್ಲ, ಎದುರು ಮನೆಗೆ ಹೋಗುತ್ತದೆ. ಲಂಡನ್ನಿನಲ್ಲಿ 2013ರಲ್ಲಿ ಆಗ ಏಳುತ್ತಿದ್ದ ಒಂದು ಗಾಜಿನ ಗೋಪುರದ ಬಾಗಿದ ಮುಖದಿಂದ ಪ್ರತಿಫಲಿಸಿದ ಬಿಸಿಲಿಗೆ ರಸ್ತೆಯಲ್ಲಿ ನಿಲ್ಲಿಸಿದ್ದ ಕಾರಿನ ಭಾಗಗಳೇ ಕರಗಿದವು. ನಮ್ಮ ಗಾಜು ಅಷ್ಟು ಮಾಡಲಿಕ್ಕಿಲ್ಲ. ಆದರೂ ನಮ್ಮ ತಂಪಿಗಾಗಿ ಎದುರಿನವರನ್ನೋ, ಕೆಳಗೆ ಗೇಟಿನ ಬಳಿ ನಿಂತ ಕಾವಲುಗಾರನನ್ನೋ ಸುಡುವುದು ಸಜ್ಜನಿಕೆಯೇ?

ಹಾಗಾದರೆ ಮಾಡಬೇಕಾದ್ದೇನು? ಮೊದಲು ಸೂರ್ಯನ ದಾರಿಯನ್ನು ತಿಳಿಯಬೇಕು. ಏಪ್ರಿಲ್ 24ರ ಆಸುಪಾಸಿನಲ್ಲಿ ಶಾಲೆಯ ಅಂಗಳದಲ್ಲಿ ಕೋಲು ನೆಟ್ಟು, ನಡುಹಗಲಿನಲ್ಲಿ ಅದರ ನೆರಳು ಬುಡದಲ್ಲೇ ಅಡಗುವುದನ್ನು ನಾನು ನಿಮಗೆ ತೋರಿಸುತ್ತಿದ್ದೆನಲ್ಲ? ಬೆಂಗಳೂರಿನಲ್ಲಿ ಆ ದಿನ ಸೂರ್ಯ ನೆತ್ತಿಯ ಮೇಲೆ. ಮತ್ತೆ ಆಗಸ್ಟ್ 18ರ ಸುಮಾರಿಗೆ ಅದೇ. ಈ ಎರಡರ ನಡುವೆ ನಡುಹಗಲಿನ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ, ಆದರೆ ಬಹಳ ಎತ್ತರದಲ್ಲಿ. ಆದ್ದರಿಂದ ಉತ್ತರದ ಕಿಟಕಿಗೆ ಚಿಕ್ಕ ಸಜ್ಜ ಸಾಕು. ದಕ್ಷಿಣದ ಕಿಟಕಿಗೆ ಡಿಸೆಂಬರಿನ ನಡುಹಗಲಿನ ಸೂರ್ಯ ಸುಮಾರು 53 ಡಿಗ್ರಿ ಎತ್ತರದಿಂದ ಬರುತ್ತಾನೆ. ಎರಡಡಿಯ ಸಜ್ಜ ಆಗ ಎರಡೂಮುಕ್ಕಾಲು ಅಡಿಯಷ್ಟು ಕೆಳಗಿನವರೆಗೆ ನೆರಳು ಕೊಟ್ಟು, ಉಳಿದ ಚಳಿಗಾಲದ ಬಿಸಿಲನ್ನು ಒಳಗೆ ಬಿಡುತ್ತದೆ. ಮಾರ್ಚ್ ಕೊನೆಯ ಹೊತ್ತಿಗೆ ಅದೇ ಸಜ್ಜ ಇಡೀ ಕಿಟಕಿಯನ್ನು ಮುಚ್ಚುತ್ತದೆ. ಎಂಥ ಸೊಗಸಾದ ಏರ್ಪಾಡು! ಕರೆಂಟಿಲ್ಲ, ರಿಪೇರಿಯಿಲ್ಲ.

ಪಶ್ಚಿಮದಲ್ಲಿ ಮಾತ್ರ ಈ ಉಪಾಯ ನಡೆಯದು. ಏಪ್ರಿಲ್ ಸಂಜೆ ನಾಲ್ಕೂವರೆಗೆ ಸೂರ್ಯ ಕ್ಷಿತಿಜದಿಂದ ಸುಮಾರು 30 ಡಿಗ್ರಿ ಎತ್ತರದಲ್ಲಿರುತ್ತಾನೆ. ಎರಡಡಿಯ ಸಜ್ಜದಿಂದ ಸಿಗುವುದು ಒಂದಡಿ ಚಿಲ್ಲರೆ ನೆರಳು ಅಷ್ಟೇ. ಪೂರ್ವದಲ್ಲೂ ಬೆಳಿಗ್ಗೆ ಹೀಗೆಯೇ, ಆದರೆ ಆಗ ಮನೆ ಇನ್ನೂ ತಣ್ಣಗಿರುತ್ತದೆ. ಆದ್ದರಿಂದ ಪಶ್ಚಿಮಕ್ಕೆ ಗೋಡೆ ಬೇಕು, ಮರ ಬೇಕು, ಇಲ್ಲವೇ ಹೊರಗಡೆ ಕಟ್ಟುವ ಪರದೆ ಬೇಕು. 'ಹೊರಗಡೆ' ಎಂಬ ಮಾತಿಗೆ ಅಡಿಗೆರೆ ಹಾಕಿಕೊಳ್ಳಿ. ಒಳಗೆ ಕಟ್ಟಿದ ಪರದೆಗೆ ಬಿಸಿಲು ತಾಗುವ ಹೊತ್ತಿಗೆ ಅದು ಗಾಜನ್ನು ದಾಟಿ ಆಗಿರುತ್ತದೆ. ಕಾದ ಪರದೆ ಹೊರಸೂಸುವ ದೀರ್ಘ ತರಂಗದ ಶಾಖವನ್ನು ಗಾಜು ಹೊರಗೆ ಬಿಡುವುದಿಲ್ಲ. ಹಸಿರುಮನೆ ಪರಿಣಾಮವೆಂದರೆ ಇದೇ. ಕಳ್ಳ ಒಳಗೆ ಬಂದ ಮೇಲೆ ಬಾಗಿಲಿಗೆ ಅಗುಳಿ ಹಾಕಿದಂತೆ.

ಮರದ ಮಾತು ಬಂದಾಗ ನಮ್ಮ ಶಾಲೆಯ ಹೊಂಗೆ ಮರಗಳು ನೆನಪಾಗುತ್ತವೆ. ನಿಮಗೂ ನೆನಪಿರಬೇಕು. ಹತ್ತನೆಯ ತರಗತಿಯ ಕೋಣೆಯ ಪಶ್ಚಿಮಕ್ಕೆ ಸಾಲಾಗಿ ಐದು ಮರಗಳು. ಆ ಕೋಣೆಯ ಕಿಟಕಿಗಳಿಗೆ ಗಾಜೇ ಇರಲಿಲ್ಲ. ಕಬ್ಬಿಣದ ಸರಳು, ಮರದ ಎರಡು ಬಾಗಿಲು, ಅಷ್ಟೇ. ಹೊಂಗೆ ಬೇಸಿಗೆಯ ಆರಂಭದಲ್ಲಿ ಎಲೆ ಉದುರಿಸಿ ಯುಗಾದಿಯ ಹೊತ್ತಿಗೆ ಹೊಸ ಚಿಗುರಿನಿಂದ ತುಂಬಿಕೊಳ್ಳುತ್ತದೆ. ಸೂರ್ಯ ಉಗ್ರನಾಗುವ ವಾರಕ್ಕೆ ಸರಿಯಾಗಿ ಕೊಡೆ ಬಿಚ್ಚುವ ಮರ ಅದು. ಪರೀಕ್ಷೆಯ ದಿನಗಳಲ್ಲಿ ಮಧ್ಯಾಹ್ನ ಮೂರು ಗಂಟೆಗೂ ಅಲ್ಲಿ ಕುಳಿತು ಬರೆದವರು ನೀವು. ಯಾರಿಗೂ ತಲೆಸುತ್ತು ಬಂದದ್ದು ನಾನು ಕಾಣೆ. ನಾನು ನಿವೃತ್ತನಾಗುವ ಎರಡು ವರ್ಷ ಮೊದಲು ಅಲ್ಲೊಂದು ಹೊಸ ಕೊಠಡಿ ಕಟ್ಟಲೆಂದು ಮೂರು ಮರ ಕಡಿದರು. ಹೊಸ ಕೊಠಡಿಗೆ ಅಗಲವಾದ ಜಾರುಗಾಜಿನ ಕಿಟಕಿ, ಒಳಗೆ ನಾಲ್ಕು ಫ್ಯಾನು. ಉದ್ಘಾಟನೆಯ ದಿನ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಮೇಷ್ಟ್ರಾಗಿ ಆಗಲೇ ಎದ್ದು ನಿಂತು ಮಾತನಾಡಬೇಕಿತ್ತು. ಮಾತನಾಡಲಿಲ್ಲ. ಮುಂದಿನ ಮಾರ್ಚಿಯಲ್ಲಿ ಮಕ್ಕಳು ಊಟದ ನಂತರದ ಪಾಠಕ್ಕೆ ಹಳೆಯ ಕೋಣೆಗೇ ಹೋಗೋಣವೆಂದು ಬೇಡಿದರು. ಈ ಲೇಖನದಲ್ಲಿರುವ ಸಿಟ್ಟಿನ ಒಂದು ಪಾಲು ನನ್ನ ಆ ಮೌನದ ಮೇಲಿನದು.

ನಮ್ಮ ಊರಿನ ಹಿರಿಯರಿಗೆ ಗಾಜು ಗೊತ್ತಿರಲಿಲ್ಲವೆಂದಲ್ಲ. ಬೆಂಗಳೂರಿನ ಹಳೆಯ ಬಂಗಲೆಗಳಲ್ಲಿ ಕಿಟಕಿಯ ಮೇಲೆ ಚೂಪಾದ ಮರದ ಟೋಪಿಗಳಿರುತ್ತವೆ, 'ಮಂಕಿ ಟಾಪ್' ಎನ್ನುತ್ತಾರೆ. ಅದು ಬರೀ ಅಲಂಕಾರವಲ್ಲ, ಮರದ ಪಟ್ಟಿಗಳ ಜಾಲರಿಯಿಂದ ಗಾಜಿಗೆ ಬಿಸಿಲು ತಾಗದಂತೆ ಮಾಡಿದ ಏರ್ಪಾಡು. ಲಾಲ್‌ಬಾಗಿನ ಗಾಜಿನ ಮನೆಗೆ 1889ರಲ್ಲಿ ಶಂಕುಸ್ಥಾಪನೆಯಾಯಿತು. ಲಂಡನ್ನಿನ 1851ರ ಸ್ಫಟಿಕ ಅರಮನೆ ಅದಕ್ಕೆ ಮಾದರಿ. ಆದರೂ ಬೆಂಗಳೂರಿನಲ್ಲಿ ಕಟ್ಟುವಾಗ ಬದಿಗಳನ್ನು ಗಾಳಿಗೆ ತೆರೆದೇ ಇಟ್ಟರು. ಅದೂ ಅದು ಹೂಗಿಡಗಳಿಗಾಗಿ ಕಟ್ಟಿದ್ದು. ಗಿಡಗಳಿಗೆ ತೋರಿಸಿದ ಕರುಣೆಯನ್ನು ನಾವು ನಮ್ಮ ಹೆಂಡತಿ ಮಕ್ಕಳಿಗೆ ತೋರಿಸಬಾರದೇ?

ಇನ್ನು ಆಕ್ಷೇಪಗಳಿಗೆ ಬರೋಣ. "ಅಪ್ಪಾ, ಕಿಟಕಿ ತೆರೆ ಅಂತೀಯಲ್ಲ, ಕೆರೆ ವಾಸನೆಗೆ ಏನ್ ಮಾಡ್ತೀಯ?" ಎಂದು ಮಗ ಕೇಳಿದ. ಇದು ತೂಕದ ಪ್ರಶ್ನೆ. ಬೆಳ್ಳಂದೂರು ಕೆರೆ ಸುಮಾರು 900 ಎಕರೆಯದು, ಬೆಂಗಳೂರಿನ ಅತಿ ದೊಡ್ಡ ಕೆರೆ. ನಗರದ ಕೊಳಚೆಯನ್ನೆಲ್ಲ ಅದಕ್ಕೆ ಹರಿಸಿ, 2015ರಲ್ಲಿ ಅದರ ನೊರೆ ರಸ್ತೆಗೆ ಹಾರುವುದನ್ನು, 2017ರ ಫೆಬ್ರವರಿಯಲ್ಲೂ 2018ರ ಜನವರಿಯಲ್ಲೂ ಅಲ್ಲಿ ಬೆಂಕಿ ಏಳುವುದನ್ನು ಲೋಕಕ್ಕೆಲ್ಲ ತೋರಿಸಿದೆವು. ಆ ದಿನಗಳಲ್ಲಿ ಕಿಟಕಿ ಮುಚ್ಚಿದವರನ್ನು ನಾನು ದೂರಲಾರೆ. ಮುಂದೆ ಹೂಳೆತ್ತುವ ಕೆಲಸ ಕೈಗೊಂಡರು. ಆದರೂ ಕೆಲವು ಸಂಜೆ ವಾಸನೆ ಬರುತ್ತದೆ, ಸೊಳ್ಳೆ ಬರುತ್ತದೆ, ರಸ್ತೆಯ ಧೂಳು ಬರುತ್ತದೆ.

ಇದಕ್ಕೆ ಎರಡು ಉತ್ತರ. ಮೊದಲನೆಯದು ವಿಜ್ಞಾನದ್ದು. ದೊಮ್ಮಲೂರಿನಲ್ಲಿ 'ಟೆರಿ' ಸಂಸ್ಥೆಯ ಕಟ್ಟಡವಿದೆ. ಅದರ ದಕ್ಷಿಣಕ್ಕೆ ಕೊಳಚೆ ಕಾಲುವೆ. ವಾಸ್ತುಶಿಲ್ಪಿ ಸಂಜಯ್ ಮೋಹೆಯವರು ಅದನ್ನು ಗಾಜಿನಿಂದ ಮುಚ್ಚಿ ಏಸಿ ತುಂಬಲಿಲ್ಲ. ಕಾಲುವೆಗೆ ಬೆನ್ನು ತಿರುಗಿಸಿ, ಉತ್ತರಕ್ಕೆ ತೆರೆದರು. ದಕ್ಷಿಣದ ಗೋಡೆಗೆ ಕಪ್ಪು ಕಡಪ ಕಲ್ಲು ಹೊದಿಸಿದರು. ಬಿಸಿಲಿಗೆ ಕಲ್ಲು ಕಾದಾಗ ಹಿಂದಿನ ಪೊಳ್ಳಿನಲ್ಲಿರುವ ಗಾಳಿ ಹಗುರಾಗಿ ಮೇಲೇರುತ್ತದೆ, ಆ ಜಾಗಕ್ಕೆ ಉತ್ತರದ ಶುದ್ಧ ಗಾಳಿ ಒಳಗಿನಿಂದ ಹರಿದು ಬರುತ್ತದೆ. ಸಂವಹನ! ವಾಸನೆಯ ದಿಕ್ಕನ್ನು ಮುಚ್ಚು, ಮಿಕ್ಕ ದಿಕ್ಕನ್ನು ತೆರೆ; ಎಲ್ಲ ದಿಕ್ಕನ್ನೂ ಮುಚ್ಚಬೇಡ.

ಎರಡನೆಯ ಉತ್ತರ ವಿಜ್ಞಾನದ್ದಲ್ಲ. ಕಿಟಕಿ ಪೂರ್ತಿ ಮುಚ್ಚಿ ಏಸಿ ಹಾಕಿಕೊಂಡು ಕುಳಿತವನಿಗೆ ಕೆರೆ ಒಂದು ಚಿತ್ರಪಟ. ಗಾಜಿನಾಚೆಗೆ ನೊರೆ ಬಿಳಿಯಾಗಿ ಮೋಡದಂತೆ ಕಾಣುತ್ತದೆ. ಕಿಟಕಿ ತೆರೆದವನಿಗೆ ಮಾತ್ರ ಅದು ಕೊಳೆತ ಕೆರೆ. ಅವನು ಮಾತ್ರ ಅರ್ಜಿ ಬರೆಯುತ್ತಾನೆ, ಸಭೆಗೆ ಹೋಗುತ್ತಾನೆ, ನಮ್ಮ ಅಪಾರ್ಟ್‌ಮೆಂಟಿನ ಕೊಳಚೆ ಶುದ್ಧೀಕರಣ ಘಟಕ ದಿನವೂ ಓಡುತ್ತಿದೆಯೇ ಎಂದು ಕೇಳುತ್ತಾನೆ. ಊರಿನ ವಿದ್ಯಾವಂತರೆಲ್ಲ ಗಾಜು ಎಳೆದುಕೊಂಡು ಕುಳಿತರೆ, ಕೆರೆಯ ವಾಸನೆ ಏರಿಯ ಮೇಲೆ ನಡೆದು ಹೋಗುವ ಮನೆಗೆಲಸದ ಹೆಂಗಸಿಗೂ ಅವಳ ಮಗುವಿಗೂ ಮಾತ್ರ ಉಳಿಯುತ್ತದೆ. ಅವರ ಅರ್ಜಿಯನ್ನು ಯಾರು ಓದುತ್ತಾರೆ? ಗಾಜಿನ ಮೇಲೆ ನನಗಿರುವ ದೊಡ್ಡ ದೂರು ಇದೇ.

ಶಬ್ದದ ವಿಷಯದಲ್ಲಿ ನಾನು ಸೋಲೊಪ್ಪುತ್ತೇನೆ. ರಸ್ತೆಯ ಅಂಚಿನಲ್ಲೇ ಮಲಗುವ ಕೋಣೆಯಿದ್ದರೆ ಜೋಡಿಗಾಜು ನಿದ್ದೆಗೆ ಸಹಾಯ ಮಾಡುತ್ತದೆ. ಹಾಗಾದರೆ ಶಬ್ದಕ್ಕಾಗಿ ಕೊಳ್ಳಿ, ಅದೊಂದು ಕಿಟಕಿಗೆ ಕೊಳ್ಳಿ. ಸೆಖೆಗೆ ಮದ್ದೆಂದು ಕೊಳ್ಳಬೇಡಿ.

ನಮ್ಮ ಮನೆಯ ಕಥೆ ಮುಗಿಸುತ್ತೇನೆ. ನಾನು ಮಗನಲ್ಲಿ ಒಂದು ತಿಂಗಳ ಅವಕಾಶ ಕೇಳಿದೆ. ಪೆಟ್ಟಿಗೆಯಿಂದ ಹಳೆಯ ಥರ್ಮಾಮೀಟರ್ ತೆಗೆದೆ. ಏಪ್ರಿಲಿನ ಒಂದು ಸಂಜೆ ನಾಲ್ಕೂವರೆಗೆ ಹೊರಗಿನ ನೆರಳಿನಲ್ಲಿ 34 ಡಿಗ್ರಿ, ಗಾಜು ಮುಚ್ಚಿದ ಬಾಲ್ಕನಿಯಲ್ಲಿ 43, ಹಾಲಿನಲ್ಲಿ 36. ಬಾಲ್ಕನಿಯ ಅಂಚಿನ ಗಾಜುಗಳನ್ನೆಲ್ಲ ಕಳಚಿಸಿದೆವು. ಅಲ್ಲಿ ಬಿದಿರಿನ ಪರದೆ ಇಳಿಬಿಟ್ಟೆವು, ಹಾಲಿನ ಬಾಗಿಲಿಗೆ ಸೊಳ್ಳೆ ಜಾಲರಿ ಹಾಕಿಸಿದೆವು. ಪರದೆಗೆ 5,600 ರೂಪಾಯಿ. ನಾಲ್ಕು ದಿನ ಕಳೆದು ಹೊರಗೆ ಮತ್ತೆ 34 ಡಿಗ್ರಿಯಿದ್ದ ಸಂಜೆ ಅದೇ ಹೊತ್ತಿಗೆ ನೋಡಿದೆ: ಬಾಲ್ಕನಿಯಲ್ಲಿ 35, ಹಾಲಿನಲ್ಲಿ 31, ಏಸಿ ಇಲ್ಲದೆ. ನನ್ನಾಕೆ ಮೊರ ಹಿಡಿದು ಬಂದು ಅಲ್ಲೇ ಕುಳಿತಳು.

ಮರುವಾರ ನಿವಾಸಿಗಳ ಸಂಘದಿಂದ ನೋಟೀಸು ಬಂತು. ಪರದೆಯಿಂದ ಕಟ್ಟಡದ ಹೊರನೋಟ ಕೆಡುತ್ತದಂತೆ! ಗಾಜು ಕೂರಿಸಲು ಯಾರ ಅಡ್ಡಿಯೂ ಇರಲಿಲ್ಲ, ನೆರಳು ಕಟ್ಟಲು ಅಪ್ಪಣೆ ಬೇಕು. ವಾರ್ಷಿಕ ಸಭೆಯಲ್ಲಿ ಎದ್ದು ನಿಂತು, ಶಾಲೆಯಲ್ಲಿ ಆಡದೆ ಉಳಿಸಿಕೊಂಡಿದ್ದ ಮಾತನ್ನು ಅಲ್ಲಿ ಆಡಿದೆ. ಥರ್ಮಾಮೀಟರಿನ ಅಂಕಿಗಳನ್ನು ಓದಿ ಹೇಳಿದೆ. ಕಟ್ಟಡ ರಸ್ತೆಯಲ್ಲಿ ಹೋಗುವವರು ನೋಡಲಿಕ್ಕೋ, ಒಳಗಿರುವವರು ಬದುಕಲಿಕ್ಕೋ ಎಂದು ಕೇಳಿದೆ. ಒಬ್ಬರು ನಕ್ಕರು. ಆದರೆ ಪಶ್ಚಿಮದ ಮನೆಗಳಲ್ಲಿದ್ದ ಹಿರಿಯ ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಮಧ್ಯಾಹ್ನಗಳ ಕಥೆ ಹೇಳತೊಡಗಿದರು. ಕೊನೆಗೆ ಎಲ್ಲರೂ ಒಂದೇ ಬಣ್ಣದ ಪರದೆ ಹಾಕುವುದಾದರೆ ಆಗಬಹುದೆಂದು ಠರಾವಾಯಿತು. ಇಂದು ನಮ್ಮ ಪಶ್ಚಿಮದ ಮುಖದಲ್ಲಿ ಹನ್ನೊಂದು ಮನೆಗಳಿಗೆ ಬಿದಿರಿನ ಪರದೆಗಳಿವೆ.

ಪರದೆ ಕಟ್ಟಲು ಜಾಗವೇ ಇಲ್ಲದ ಪಶ್ಚಿಮದ ಕಿಟಕಿಯಿದ್ದರೆ ಗಾಜನ್ನು ಬದಲಿಸಲೇಬೇಕಾದೀತು. ಆಗ ಅಂಗಡಿಯವರನ್ನು ಹೆಸರು ಕೇಳಬೇಡಿ, ಅಂಕಿ ಕೇಳಿ. ಎಸ್‌ಎಚ್‌ಜಿಸಿ 0.3ರ ಆಸುಪಾಸಿನಲ್ಲಿರಲಿ. ಬರೀ 'ಲೋ-ಇ' ಎಂದರೆ ಸಾಲದು. ಚಳಿದೇಶಕ್ಕಾಗಿ ಮಾಡಿದ ಲೋ-ಇ ಗಾಜು ಬಿಸಿಲಿನ ಶಾಖವನ್ನು ಧಾರಾಳವಾಗಿ ಒಳಗೆ ಬಿಡುತ್ತದೆ, ಬಿಸಿಲು ತಡೆಯುವ ಲೋ-ಇ ಬೇರೆಯೇ. ಎರಡನೆಯ ಅಂಕಿ ವಿಎಲ್‌ಟಿ, ಅಂದರೆ ಬೆಳಕು ಶೇಕಡಾ ಎಷ್ಟು ದಾಟುತ್ತದೆ ಎಂಬುದು. ಕಾರಿನ ಗಾಜಿನ ಕಪ್ಪು ಹಾಳೆಯ ಬಗ್ಗೆ 2012ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದಾಗ ಮುಂದಿನ ಗಾಜಿಗೆ 70, ಪಕ್ಕದ ಗಾಜಿಗೆ 50 ಎಂದು ಪತ್ರಿಕೆಗಳಲ್ಲಿ ಓದಿದ್ದಿರಲ್ಲ, ಅದೇ ಇದು. ತೀರ ಕಡಿಮೆಯಾದರೆ ಹಗಲಿನಲ್ಲೇ ದೀಪ ಹಾಕಬೇಕಾಗುತ್ತದೆ. ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧ ಕಣ್ಣಿಗೆ ಕಾಣದ ಅವಕೆಂಪು ಕಿರಣ. ಒಳ್ಳೆಯ ಗಾಜು ಅದನ್ನು ತಡೆದು ಬೆಳಕನ್ನು ಬಿಡುತ್ತದೆ. ಯು-ಮೌಲ್ಯವನ್ನು ಕೊನೆಗೆ ನೋಡಿದರೆ ಸಾಕು.

ಸರ್ಕಾರಕ್ಕೂ ಇದು ತಿಳಿದಿದೆ. ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ವಸತಿ ಕಟ್ಟಡಗಳಿಗಾಗಿ 'ಇಕೋ-ನಿವಾಸ್ ಸಂಹಿತೆ'ಯನ್ನು ತಂದಿತು. ಬೆಂಗಳೂರಿನಂಥ ಸಮಶೀತೋಷ್ಣ ಊರುಗಳಲ್ಲಿ ತೆರೆಯಲು ಬರುವ ಕಿಟಕಿ ಬಾಗಿಲುಗಳ ವಿಸ್ತೀರ್ಣ ನೆಲದ ವಿಸ್ತೀರ್ಣದ ಶೇ. 12.5ರಷ್ಟಾದರೂ ಇರಬೇಕೆಂದು ಅದು ಹೇಳುತ್ತದೆ. ಸಾವಿರ ಚದರಡಿಗೆ 125 ಚದರಡಿ. ಗಮನಿಸಿ, ಗಾಜಿನ ವಿಸ್ತೀರ್ಣವಲ್ಲ, ತೆರೆಯುವ ವಿಸ್ತೀರ್ಣ. ಎರಡು ಪಟ್ಟಿಯ ಜಾರುಕಿಟಕಿ ಅರ್ಧ ಮಾತ್ರ ತೆರೆಯುತ್ತದೆ. ಹಳೆಯ ಕಾಲದ ಎರಡು ಬಾಗಿಲಿನ ಕಿಟಕಿ ಪೂರ್ತಿ ತೆರೆಯುತ್ತದೆ. ತೆರೆಯದ ಗಾಜು ಕಿಟಕಿಯಲ್ಲ, ಪಾರದರ್ಶಕವಾದ ಗೋಡೆ.

ಈಗ ನಿನಗೆ ಉತ್ತರ, ಹಿಂದಿನ ಬೆಂಚಿನವನೇ. ನಿನ್ನ ಮನೆ ಇನ್ನೂ ಕಾಗದದ ಮೇಲಿದೆ. ನಮ್ಮಂತೆ ಕಟ್ಟಿದ ಮೇಲೆ ಒದ್ದಾಡುವ ಕರ್ಮ ನಿನಗಿಲ್ಲ. ದೇವಮೂಲೆ, ಕುಬೇರಮೂಲೆ ಎಂದು ಪಂಡಿತರನ್ನು ಮೂರು ಸಲ ಕೇಳಿದೆಯಂತೆ. ಸೂರ್ಯನನ್ನೂ ಒಮ್ಮೆ ಕೇಳು. ಹಾಲನ್ನು ಉತ್ತರಕ್ಕೆ ತಿರುಗಿಸು. ಮೆಟ್ಟಿಲು, ಬಚ್ಚಲು, ಉಗ್ರಾಣಗಳನ್ನು ಪಶ್ಚಿಮಕ್ಕೆ ತಳ್ಳು. ಪ್ರತಿ ಕೋಣೆಗೂ ಎರಡು ಬೇರೆ ಗೋಡೆಗಳಲ್ಲಿ ತೆರೆಯುವ ಕಿಟಕಿ ಇಡು, ದಕ್ಷಿಣದವಕ್ಕೆ ಎರಡಡಿಯ ಸಜ್ಜ ಕೊಡು. ಪಶ್ಚಿಮದ ಮೂಲೆಯಲ್ಲಿ ಒಂದು ಹೊಂಗೆ ಸಸಿ ನೆಡು. ಪಾಯ ತೋಡುವ ಮೊದಲೇ ನೆಟ್ಟರೆ ಅಷ್ಟು ಬೇಗ ನೆರಳಾಗುತ್ತದೆ. ಇಷ್ಟು ಮಾಡಿದ ಮೇಲೆ ಸಾದಾ ಗಾಜು ಸಾಕು. ಉಳಿದ ದುಡ್ಡನ್ನು ಮಕ್ಕಳ ಪುಸ್ತಕಕ್ಕೆ ಇಡು.

ನೀನು ಪಾಠ ಕೇಳದೆ ಕಿಟಕಿಯಾಚೆ ನೋಡುತ್ತಿದ್ದಾಗ ಎಷ್ಟೋ ಸಲ ಬೈದಿದ್ದೇನೆ. ಆ ಕಿಟಕಿ ತೆರೆದಿತ್ತು, ಆಚೆ ಹೊಂಗೆಯ ಮರವಿತ್ತು, ಗಾಳಿಯಿತ್ತು. ನಿನ್ನ ಮಕ್ಕಳಿಗೂ ಅಂಥದೊಂದು ಕಿಟಕಿ ಇರಲಿ. ಗೃಹಪ್ರವೇಶಕ್ಕೆ ಕರೆ, ನಿಮ್ಮ ಅಮ್ಮನವರೂ, ಅಂದರೆ ನಮ್ಮ ಮನೆಯಾಕೆಯೂ ಬರುತ್ತಾಳೆ. ಥರ್ಮಾಮೀಟರನ್ನು ನಾನು ತರುತ್ತೇನೆ.